ಗಂಟೆ ಬಾರಿಸಿದ ಮೇಲೆ ಬಾಗಿಲು ತೆಗೆಯುವವರು ಯಾರು?

ಪ್ರಶ್ನೆ: ನಮ್ಮ ತಾಯಿಗೆ 77 ವರ್ಷ. ದಾವಣಗೆರೆಯ ಕೆ.ಟಿ.ಜೆ. ನಗರದಲ್ಲಿ ತಂದೆಯವರು ಕಟ್ಟಿಸಿದ ಮನೆಯಲ್ಲಿ ಒಬ್ಬರೇ ಇದ್ದಾರೆ. ನಾನು ಬೆಂಗಳೂರಿನಲ್ಲಿ, ತಮ್ಮ ಪುಣೆಯಲ್ಲಿ. ಅಮ್ಮನಿಗೆ ಬಿ.ಪಿ., ಸಕ್ಕರೆ ಕಾಯಿಲೆ ಎರಡೂ ಇವೆ. ಆದರೂ ಅಡುಗೆ, ಪೂಜೆ, ಸಂತೆ ಎಲ್ಲ ಅವರದೇ. ನಮ್ಮ ಜೊತೆ ಬಂದಿರಿ ಎಂದರೆ ಒಪ್ಪುವುದಿಲ್ಲ. ಎರಡು ತಿಂಗಳ ಹಿಂದೆ ರಾತ್ರಿ ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ಪೆಟ್ಟು ದೊಡ್ಡದಲ್ಲ, ಆದರೆ ನಮಗೆ ಹೇಳಿದ್ದು ನಾಲ್ಕು ದಿನ ಕಳೆದ ಮೇಲೆ. ಒಮ್ಮೆ ಹಾಲು ಉಕ್ಕಿ, ಒಲೆ ಆರಿ, ಗ್ಯಾಸ್ ಸೋರಿದ್ದೂ ಉಂಟು. ತಮ್ಮ ಪಡಸಾಲೆಯಲ್ಲಿ ಒಂದು ಕ್ಯಾಮೆರಾ ಇಟ್ಟುಹೋದ. ಅಮ್ಮ ಅದಕ್ಕೆ ಟವೆಲ್ ಹೊದಿಸಿದ್ದಾರೆ. ಈಗ ಒಂದು ಕಂಪನಿಯವರು ಮನೆಯನ್ನು ಪೂರ್ತಿ ‘ಸ್ಮಾರ್ಟ್’ ಮಾಡಿಕೊಡುವುದಾಗಿ 1.85 ಲಕ್ಷ ರೂಪಾಯಿಯ ಪಟ್ಟಿ ಕೊಟ್ಟಿದ್ದಾರೆ. ಆರು ಕ್ಯಾಮೆರಾ, ಮಾತು ಕೇಳುವ ಸ್ಪೀಕರ್, ಬಣ್ಣ ಬದಲಿಸುವ ದೀಪಗಳು, ಪರದೆಗೆ ಮೋಟರ್, ಬೆರಳಚ್ಚಿನ ಬೀಗ, ಗ್ಯಾಸ್ ಸೆನ್ಸರ್, ಬಿದ್ದರೆ ತಿಳಿಸುವ ಕೈಗಡಿಯಾರ. ಇದರಲ್ಲಿ ಯಾವುದು ಬೇಕು, ಯಾವುದು ಬೇಡ?

ಉತ್ತರ: ಮೊದಲು ಆ ಟವೆಲ್ ವಿಚಾರ. ನಿಮ್ಮ ತಾಯಿಯವರು ಮಾಡಿದ್ದು ಸರಿ. ಸ್ನಾನ ಮುಗಿಸಿ ಸೀರೆ ಸರಿಪಡಿಸಿಕೊಳ್ಳುತ್ತಾ ಪಡಸಾಲೆಗೆ ಬರುವ ಹೆಂಗಸಿಗೆ ಗೋಡೆಯ ಮೇಲೊಂದು ಕಣ್ಣು ಇಪ್ಪತ್ತನಾಲ್ಕು ಗಂಟೆಯೂ ನೋಡುತ್ತಿರುವುದು ಹಿಂಸೆ. ಆ ಕಣ್ಣಿನ ಹಿಂದೆ ಇರುವುದು ಮಗನೇ ಆದರೂ ಹಿಂಸೆಯೇ. ಅಷ್ಟಲ್ಲದೆ ಪುಣೆಯಲ್ಲಿ ಕೆಲಸದಲ್ಲಿರುವ ನಿಮ್ಮ ತಮ್ಮ ದಿನಕ್ಕೆ ಎಷ್ಟು ಹೊತ್ತು ಅದನ್ನು ನೋಡಿಯಾನು? ಅವರು ನೋಡದ ಹೊತ್ತಿನಲ್ಲಿ ಬಿದ್ದರೆ ಕ್ಯಾಮೆರಾ ಅದನ್ನು ಅಚ್ಚುಕಟ್ಟಾಗಿ ದಾಖಲಿಸಿಕೊಂಡು ಸುಮ್ಮನಿರುತ್ತದೆ. ಪಟ್ಟಿಯಲ್ಲಿರುವ ಆರರಲ್ಲಿ ಐದನ್ನು ಹೊಡೆದುಹಾಕಿ. ಒಂದು ಮಾತ್ರ ಮುಂಬಾಗಿಲ ಹೊರಗೆ ಇರಲಿ. ಯಾರು ಬಂದಿದ್ದಾರೆ ಎಂದು ಬಾಗಿಲು ತೆಗೆಯದೆ ತಿಳಿಯುವುದು ಅವರಿಗೂ ಬೇಕಾದ ಅನುಕೂಲ. ಅದರ ಜೊತೆ ಬಂದ ಪಾಸ್‌ವರ್ಡ್ ಅನ್ನು ಅದೇ ದಿನ ಬದಲಾಯಿಸಿ.

ನಾನು ಈ ಊರಿನಲ್ಲಿ ಮನೆಗಳಿಗೆ ವೈರಿಂಗ್ ಮಾಡುತ್ತಾ ಬಂದವನು. ಕೆಲವು ವರ್ಷಗಳಿಂದ ಸೆನ್ಸರ್, ಸ್ಮಾರ್ಟ್ ಸ್ವಿಚ್ಚುಗಳ ಕೆಲಸವೂ ಬರುತ್ತಿದೆ. ಕೇಳಿಕೊಂಡು ಬರುವವರೆಲ್ಲ ನಿಮ್ಮ ಹಾಗೆಯೇ ಪಟ್ಟಿಯಿಂದ ಆರಂಭಿಸುತ್ತಾರೆ. ನಾನು ಅವರನ್ನು ಬಾಗಿಲಿನಿಂದ ಆರಂಭಿಸಲು ಹೇಳುತ್ತೇನೆ. ಅದಕ್ಕೆ ಕಾರಣ ಇಲ್ಲೇ ನಡೆದ ಒಂದು ಪ್ರಸಂಗ.

ಒಂಟಿಯಾಗಿದ್ದ ಹಿರಿಯರೊಬ್ಬರ ಮನೆಗೆ ನಾನೇ ಸೆನ್ಸರ್ ಹಾಕಿದ್ದೆ. ಒಂದು ಬೆಳಿಗ್ಗೆ ಅವರು ನಡುಮನೆಯಲ್ಲಿ ಬಿದ್ದರು. ಚಲನೆ ಇಲ್ಲವೆಂಬ ಸಂದೇಶ ದೂರದ ಊರಿನಲ್ಲಿದ್ದ ಮಗನಿಗೆ ಸರಿಯಾದ ಹೊತ್ತಿಗೆ ಹೋಯಿತು. ಮಗ ಪಕ್ಕದ ಮನೆಗೆ ಫೋನ್ ಮಾಡಿದರು. ಪಕ್ಕದವರು ಎರಡು ನಿಮಿಷದಲ್ಲಿ ಬಾಗಿಲಿಗೆ ಬಂದು ನಿಂತರು. ಅಲ್ಲಿಗೆ ಎಲ್ಲ ನಿಂತುಹೋಯಿತು. ತೇಗದ ಬಾಗಿಲು, ಒಳಗಿನಿಂದ ಮೇಲೊಂದು ಚಿಲಕ, ಕೆಳಗೊಂದು ಚಿಲಕ, ನಡುವೆ ಅಗುಳಿ. ಬಡಗಿಯನ್ನು ಹುಡುಕಿ ಕರೆತಂದು ಬಾಗಿಲು ಒಡೆಯುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಸೆನ್ಸರ್ ತನ್ನ ಕೆಲಸ ಮಾಡಿತ್ತು, ಬಾಗಿಲೂ ತನ್ನ ಕೆಲಸ ಮಾಡಿತ್ತು. ಇವೆರಡನ್ನೂ ಒಟ್ಟಿಗೆ ಯೋಚಿಸಬೇಕಾದವನು ನಾನು, ನಾನು ಯೋಚಿಸಿರಲಿಲ್ಲ. ಆ ಹಿರಿಯರು ಚೇತರಿಸಿಕೊಂಡರು. ಅಂದಿನಿಂದ ಬಾಗಿಲು ನೋಡದೆ ನಾನು ಒಂದು ತಂತಿಯನ್ನೂ ಎಳೆದಿಲ್ಲ.

ವಯಸ್ಸಾದವರಿಗೆ ಬೀಳುವುದು ಎಷ್ಟು ಅಪಾಯವೋ, ಬಿದ್ದಲ್ಲೇ ಗಂಟೆಗಟ್ಟಲೆ ಉಳಿಯುವುದೂ ಅಷ್ಟೇ ಅಪಾಯ. ನೆಲದ ಒತ್ತಡಕ್ಕೆ ಮಾಂಸಖಂಡ ಹಾಳಾಗುತ್ತದೆ, ಮೈಯ ನೀರಿನಂಶ ಇಳಿಯುತ್ತದೆ, ಸಕ್ಕರೆ ಕಾಯಿಲೆಯವರಿಗೆ ಹೊತ್ತಿಗೆ ಊಟವೂ ಮಾತ್ರೆಯೂ ತಪ್ಪುತ್ತದೆ. ಬೆಂಗಳೂರಿನಿಂದ ಯಾವ ರೈಲು ಹತ್ತಿದರೂ ನೀವು ದಾವಣಗೆರೆ ತಲುಪಲು ಮೂರು ಗಂಟೆಗೆ ಕಡಿಮೆಯಿಲ್ಲ. ಹಾಗಾಗಿ ನಿಮ್ಮ ಮೊಬೈಲ್‌ಗೆ ಸಂದೇಶ ಬಂದರೆ ಅರ್ಧ ಕೆಲಸವೂ ಆದಂತಲ್ಲ. ಹತ್ತು ನಿಮಿಷದಲ್ಲಿ ಕಾಲ್ನಡಿಗೆಯಲ್ಲಿ ಬರಬಲ್ಲವರು ಯಾರು, ಬಂದವರು ಒಳಗೆ ಹೋಗುವುದು ಹೇಗೆ, ಈ ಎರಡನ್ನು ಇತ್ಯರ್ಥ ಮಾಡಿಕೊಂಡ ಮೇಲೆಯೇ ಅಂಗಡಿಗೆ ಹೋಗಿ.

ಒಳಗೆ ಹೋಗುವ ದಾರಿಯನ್ನೇ ಮೊದಲು ನೋಡೋಣ. ‘ರಾತ್ರಿ ಚಿಲಕ ಹಾಕಬೇಡಿ’ ಎಂದು ಒಂಟಿ ಹೆಂಗಸಿಗೆ ಹೇಳಿದರೆ ಅವರು ಕೇಳುವುದಿಲ್ಲ, ಕೇಳಬಾರದು ಕೂಡ. ಕಳ್ಳರ ಭಯ ಸುಳ್ಳಲ್ಲ. ಮುಂಬಾಗಿಲಿನ ಚಿಲಕ, ಅಗುಳಿ ಇದ್ದಹಾಗೆ ಇರಲಿ. ಹಿತ್ತಲ ಬಾಗಿಲಿನ ಚಿಲಕಗಳನ್ನು ಮಾತ್ರ ಬಿಚ್ಚಿಸಿ, ಒಳಗಿನಿಂದ ತಿರುಗಿಸಿ ಹಾಕುವ, ಹೊರಗಿನಿಂದ ಕೀಲಿಯಲ್ಲಿ ತೆಗೆಯಬಹುದಾದ ಒಳ್ಳೆಯ ನೈಟ್ ಲ್ಯಾಚ್ ಹಾಕಿಸಿ. ಹಿತ್ತಲಿಗೆ ಗ್ರಿಲ್ ಗೇಟ್ ಇದ್ದರೆ ಅದರದೂ ಸೇರಿಸಿ ಒಂದು ಜೊತೆ ಕೀಲಿ ಎದುರು ಮನೆಯವರ ಬಳಿ ಇರಲಿ. ಕೀಲಿ ಕೊಡಲು ಮುಜುಗರವಾದರೆ, ಅಂಕಿ ತಿರುಗಿಸಿ ತೆಗೆಯುವ ಸಣ್ಣ ಕೀಲಿಪೆಟ್ಟಿಗೆಗಳು ಸಿಗುತ್ತವೆ. ಅದನ್ನು ಹೊರಗೆ ಮರೆಯಲ್ಲಿ ಗೋಡೆಗೆ ಸ್ಕ್ರೂ ಹಾಕಿ ಕೂರಿಸಿ, ಬೇಕಾದ ದಿನ ಫೋನಿನಲ್ಲಿ ಅಂಕಿ ಹೇಳಬಹುದು.

ಪಟ್ಟಿಯಲ್ಲಿರುವ ಬೆರಳಚ್ಚಿನ ಬೀಗ ಕೆಟ್ಟದ್ದಲ್ಲ. ಆದರೆ ಎಪ್ಪತ್ತು ದಾಟಿದ, ಜೀವನವಿಡೀ ಪಾತ್ರೆ ತಿಕ್ಕಿದ ಬೆರಳಿನ ಗೆರೆಗಳು ಸವೆದಿರುತ್ತವೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಒತ್ತಿ ಸೋಲುವ ಅಜ್ಜಿಯರನ್ನು ನೀವು ನೋಡಿರಬಹುದು. ಅದೇ ಪಾಡು ಮನೆಯ ಬಾಗಿಲಲ್ಲೂ ಆಗುತ್ತದೆ. ಹಾಕಿಸುವುದೇ ಆದರೆ ಅಂಕಿ ಒತ್ತಿಯೂ, ಕೊನೆಗೆ ಮಾಮೂಲಿ ಕೀಲಿಯಿಂದಲೂ ತೆಗೆಯಬಹುದಾದದ್ದನ್ನು ಆರಿಸಿ. ಇಂತಹ ಬೀಗಗಳು ಒಳಗಿನ ಸೆಲ್‌ಗಳಿಂದ ನಡೆಯುತ್ತವೆ. ಸೆಲ್ ಪೂರ್ತಿ ಸತ್ತರೆ ಹೊರಗಿನಿಂದ 9 ವೋಲ್ಟ್ ಬ್ಯಾಟರಿ ತಗುಲಿಸಿ ಎಬ್ಬಿಸುವ ಬಿಂದುಗಳು ಹಲವು ಬೀಗಗಳಲ್ಲಿ ಇರುತ್ತವೆ. ಅದನ್ನು ಅಂಗಡಿಯಲ್ಲೇ ಮಾಡಿ ತೋರಿಸಲು ಹೇಳಿ.

ಇನ್ನು ಬಚ್ಚಲು. ಬಿದ್ದದ್ದು ಅಲ್ಲಿ. ನನ್ನ ವ್ಯಾಪಾರಕ್ಕೆ ನಷ್ಟವಾದರೂ ಹೇಳುತ್ತೇನೆ: ಅಲ್ಲಿ ಮೊದಲು ಬೇಕಾದದ್ದು ಎಲೆಕ್ಟ್ರಾನಿಕ್ ವಸ್ತು ಅಲ್ಲ. ಕಮೋಡಿನ ಪಕ್ಕದಲ್ಲೊಂದು, ಸ್ನಾನದ ಜಾಗದಲ್ಲೊಂದು ಗಟ್ಟಿ ಹಿಡಿಕೆ. ಟೈಲ್ಸ್‌ಗೆ ಅಂಟಿಸುವುದಲ್ಲ, ಗೋಡೆಗೆ ತೂತು ಕೊರೆದು ಬೋಲ್ಟ್ ಹಾಕಿದ್ದು. ಜಾರದ ಚಾಪೆ. ಕೂತು ಸ್ನಾನ ಮಾಡಲು ರಬ್ಬರ್ ಕಾಲಿನ ಸ್ಟೂಲು. ಆಮೇಲೆ ಬಚ್ಚಲಿನ ಬಾಗಿಲು. ಅದು ಒಳಕ್ಕೆ ತೆರೆಯುವಂತಿದ್ದರೆ, ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ. ತಳ್ಳಿದರೆ ಅವರಿಗೇ ಪೆಟ್ಟು. ಕೀಲು ಬದಲಿಸಿ ಹೊರಕ್ಕೆ ತೆರೆಯುವಂತೆ ಮಾಡುವುದು ಬಡಗಿಗೆ ಒಂದು ದಿನದ ಕೆಲಸ. ಒಳಗಿನ ಚಿಲಕ ತೆಗೆಸಿ, ಹೊರಗಿನಿಂದ ನಾಣ್ಯ ತೂರಿಸಿ ತಿರುಗಿಸಿದರೆ ತೆರೆಯುವಂತಹ ಬೀಗ ಹಾಕಿಸಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಬಾತ್‌ರೂಮ್ ಲಾಕ್ ಎಂದರೆ ಕೊಡುತ್ತಾರೆ.

ಈಗ ಒತ್ತುವ ಗುಂಡಿ. ಕೈಗಡಿಯಾರಕ್ಕಿಂತ ನಾನು ನಂಬುವುದು ಬಚ್ಚಲಿನ ಗೋಡೆಯ ಮೇಲಿನ ಒಂದು ಗುಂಡಿಯನ್ನು. ವೈರಿಲ್ಲದ ಕಾಲಿಂಗ್ ಬೆಲ್ ಗೊತ್ತಲ್ಲ? ಗುಂಡಿ ಒಂದು ಕಡೆ, ಬಾರಿಸುವ ಪೆಟ್ಟಿಗೆ ಇನ್ನೊಂದು ಕಡೆ. ನೀರು ತಾಳುವ ಗುಂಡಿಯನ್ನು ಬಚ್ಚಲಿನಲ್ಲಿ ಹಾಕಿ, ಪೆಟ್ಟಿಗೆಯನ್ನು ಎದುರು ಮನೆಯಲ್ಲಿಟ್ಟರೆ ಮುಗಿಯಿತು. ಇಂಟರ್‌ನೆಟ್ ಬೇಡ, ಆ್ಯಪ್ ಬೇಡ, ಖರ್ಚು ಸಾವಿರದ ಆಸುಪಾಸು. ನೋಡಬೇಕಾದದ್ದು ಮೂರು. ಗೋಡೆಗಳನ್ನು ದಾಟಿ ಎದುರು ಮನೆಯವರೆಗೆ ಗುಂಡಿಯ ಸಿಗ್ನಲ್ ಹೋಗುತ್ತದೆಯೇ ಎಂದು ಬಾಗಿಲುಗಳನ್ನೆಲ್ಲ ಮುಚ್ಚಿ ಪರೀಕ್ಷಿಸಿ. ಬಾರಿಸುವ ಪೆಟ್ಟಿಗೆ ಸೆಲ್ ಮೇಲೆ ನಡೆಯುವಂಥದ್ದಾಗಿರಲಿ. ಪ್ಲಗ್‌ನದಾದರೆ ಕರೆಂಟ್ ಹೋದಾಗ ಮೂಕವಾಗುತ್ತದೆ. ಮೂರನೆಯದೇ ಎಲ್ಲರೂ ತಪ್ಪುವ ಸಂಗತಿ, ಗುಂಡಿಯ ಎತ್ತರ. ಎಲ್ಲ ಎಲೆಕ್ಟ್ರಿಷಿಯನ್ನರೂ ಅಭ್ಯಾಸಬಲದಿಂದ ನಾಲ್ಕು ಅಡಿ ಎತ್ತರಕ್ಕೆ ಹಾಕುತ್ತಾರೆ. ಬಿದ್ದವರು ಇರುವುದು ನೆಲದ ಮೇಲೆ! ನೆಲದಿಂದ ಒಂದು ಅಡಿಯ ಮೇಲೆ ಹಾಕಿಸಿ. ನಾನು ಹಾಕುವಾಗ ಮನೆಯವರ ಎದುರಿಗೇ ಬಚ್ಚಲಿನ ನೆಲದ ಮೇಲೆ ಮಲಗಿ, ಒಂದು ಕೈ ಮಡಚಿಟ್ಟುಕೊಂಡು, ಇನ್ನೊಂದು ಕೈ ಎಲ್ಲಿಯವರೆಗೆ ಹೋಗುತ್ತದೆ ಎಂದು ನೋಡಿ ಗುರುತು ಹಾಕುತ್ತೇನೆ. ನಗುತ್ತಾರೆ. ನಗಲಿ.

ಒತ್ತಿದ ಬಲದಿಂದಲೇ ಕೆಲಸ ಮಾಡುವ, ಸೆಲ್ ಬೇಡದ ಗುಂಡಿಗಳೂ ಇವೆ. ಅವು ತುಸು ಬಿರುಸು. ನಿಮ್ಮ ತಾಯಿಯವರ ಬೆರಳಿಗೆ ಆ ಶಕ್ತಿ ಇದೆಯೇ ಎಂದು ಅವರ ಕೈಯಿಂದಲೇ ಒತ್ತಿಸಿ ನೋಡಿದ ಮೇಲೆ ಕೊಂಡುಕೊಳ್ಳಿ.

ಕೈಗಡಿಯಾರದ ಬಗ್ಗೆ ಎರಡು ಮಾತು. ಬಿದ್ದದ್ದನ್ನು ಗುರುತಿಸುವ ಸೌಲಭ್ಯ ಆ್ಯಪಲ್ ವಾಚ್‌ನಲ್ಲಿ 2018ರ ಮಾದರಿಯಿಂದ ಇದೆ. ಈಗ ಬೇರೆಯವರೂ ಕೊಡುತ್ತಿದ್ದಾರೆ. ಜೋರಾಗಿ ಬಿದ್ದರೆ ಗುರುತಿಸುತ್ತದೆ. ಆದರೆ ಮುದುಕರು ಬಹಳ ಸಲ ಗೋಡೆ ಹಿಡಿದುಕೊಂಡು ಕುಸಿಯುತ್ತಾರೆ, ಮಂಚದಿಂದ ಜಾರುತ್ತಾರೆ. ಅಂತಹ ನಿಧಾನದ ಕುಸಿತ ಅದಕ್ಕೆ ತಿಳಿಯದೇ ಹೋಗಬಹುದು. ಮೇಲಾಗಿ ಪದೇ ಪದೇ ಚಾರ್ಜ್ ಮಾಡಬೇಕು, ಸ್ನಾನಕ್ಕೆ ಹೋಗುವಾಗ ಬಿಚ್ಚಿಡುತ್ತಾರೆ. ಅವರಾಗಿ ಇಷ್ಟಪಟ್ಟು ಕಟ್ಟಿಕೊಂಡರೆ ಒಳ್ಳೆಯದೇ. ನಿಮ್ಮ ಒತ್ತಾಯಕ್ಕೆ ಕಟ್ಟಿಕೊಂಡದ್ದು ಹದಿನೈದು ದಿನದಲ್ಲಿ ದೇವರ ಮನೆಯ ಗೂಡು ಸೇರುತ್ತದೆ.

ರಾತ್ರಿ ಎದ್ದು ಹೋಗುವ ದಾರಿಗೆ ದೀಪ ಬೇಕು. ಇದಕ್ಕೆ ದೊಡ್ಡ ಏರ್ಪಾಡು ಬೇಡ. ಮನುಷ್ಯ ಓಡಾಡಿದರೆ ತಾನೇ ಹೊತ್ತಿ, ಸ್ವಲ್ಪ ಹೊತ್ತಿಗೆ ತಾನೇ ಆರುವ ಪುಟ್ಟ ದೀಪಗಳು ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಮೈಯ ಶಾಖದ ಚಲನೆಯನ್ನು ಅವು ಗುರುತಿಸುತ್ತವೆ. ಮಂಚದ ಕೆಳಗೊಂದು, ಮನೆಯೊಳಗಿನ ಓಣಿಯಲ್ಲೊಂದು, ಬಚ್ಚಲ ಬಾಗಿಲಲ್ಲೊಂದು, ಮೂರೂ ಮೊಣಕಾಲಿನ ಎತ್ತರದೊಳಗೆ ಇರಲಿ. ಬೆಳಕು ಹಳದಿಯಾಗಿ, ಮಂದವಾಗಿರಲಿ. ವಯಸ್ಸಾದ ಕಣ್ಣು ಕತ್ತಲೆಯಿಂದ ಬೆಳಕಿಗೆ, ಬೆಳಕಿನಿಂದ ಕತ್ತಲೆಗೆ ಹೊಂದಿಕೊಳ್ಳಲು ಹೆಚ್ಚು ಹೊತ್ತು ಬೇಕು. ಬಿಳಿಯ ಟ್ಯೂಬ್‌ಲೈಟ್ ಫಕ್ಕನೆ ಹೊತ್ತಿದರೆ ಕುರುಡಾದಂತೆಯೇ. ಬಿ.ಪಿ. ಮಾತ್ರೆ ನುಂಗುವವರು ಮಲಗಿದಲ್ಲಿಂದ ತಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ತಲೆ ಸುತ್ತುವುದುಂಟು. ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಏಳುವ ಅಭ್ಯಾಸ ಮಾಡಿಸಿ.

ಬಣ್ಣದ ಸ್ಮಾರ್ಟ್ ಬಲ್ಬುಗಳನ್ನು ಏಕೆ ಬೇಡ ಎನ್ನುತ್ತೇನೆ ಎಂದರೆ, ಆ ಪಾಠ ಕಲಿತದ್ದು ನನ್ನ ತಂದೆಯ ಮನೆಯಲ್ಲಿ. ಅವರಿದ್ದದ್ದು ಚಿತ್ರದುರ್ಗದಲ್ಲಿ, ಕೋಟೆಯ ಕಡೆಯ ಹಳೆಯ ಬೀದಿಯ ಕಲ್ಲುಗೋಡೆಯ ಮನೆ. ಉತ್ಸಾಹದಿಂದ ಎಲ್ಲ ಕೋಣೆಗೂ ಸ್ಮಾರ್ಟ್ ಬಲ್ಬ್ ಹಾಕಿ ಬಂದೆ. ಒಂದು ರಾತ್ರಿ ಕರೆಂಟ್ ಹೋಯಿತು, ಎರಡು ಗಂಟೆಗೆ ಬಂತು. ಇಂತಹ ಬಲ್ಬುಗಳು, ನಾವು ಸೆಟ್ಟಿಂಗ್ ಬದಲಿಸದಿದ್ದರೆ, ಕರೆಂಟ್ ಮರಳಿದಾಗ ಪೂರ್ತಿ ಬೆಳಕಿನಲ್ಲಿ ತಾವಾಗಿ ಹೊತ್ತಿಕೊಳ್ಳುತ್ತವೆ. ಮನೆಯ ದೀಪಗಳೆಲ್ಲ ಒಮ್ಮೆಲೇ ಉರಿದದ್ದನ್ನು ಕಂಡು ಅಪ್ಪ ಕಳ್ಳರೇ ಹೊಕ್ಕರೆಂದು ಕೋಲು ಹಿಡಿದು ಹಿತ್ತಲವರೆಗೆ ಹುಡುಕಿದರಂತೆ. ಮರುದಿನ ಹಳೆಯ ಬಲ್ಬುಗಳನ್ನು ಹಾಕಿಸಿ, ನನ್ನವನ್ನು ಮಂಡಕ್ಕಿ ಚೀಲದಲ್ಲಿ ತುಂಬಿ ಬಸ್ಸಿನಲ್ಲಿ ಕಳಿಸಿದರು. ಇನ್ನೊಂದು ತೊಡಕೂ ಇದೆ. ಕೋಣೆಯಿಂದ ಹೊರಡುವಾಗ ಗೋಡೆಯ ಸ್ವಿಚ್ ಆರಿಸುವುದು ಹಿರಿಯರ ಕೈಗೆ ಅಂಟಿದ ಅಭ್ಯಾಸ. ಸ್ವಿಚ್ ಆರಿಸಿದರೆ ಸ್ಮಾರ್ಟ್ ಬಲ್ಬ್ ಬರೀ ಗಾಜಿನ ಬುರುಡೆ. ಮೊಬೈಲಿನಿಂದ ದೀಪ ಹಾಕಲೇಬೇಕೆಂದಿದ್ದರೆ ಸ್ವಿಚ್‌ಬೋರ್ಡಿನ ಹಿಂದೆ ಕೂರಿಸುವ ಸಣ್ಣ ರಿಲೇ ಹಾಕಿಸಿ. ಗೋಡೆಯ ಸ್ವಿಚ್ಚೂ ಮೊದಲಿನಂತೆ ಕೆಲಸ ಮಾಡುತ್ತದೆ, ಮೊಬೈಲೂ ಮಾಡುತ್ತದೆ.

ಈಗ ನಿಮ್ಮ ಮನೆಗೆ ನಾನು ಅತ್ಯಂತ ಬೆಲೆಯುಳ್ಳದ್ದೆಂದು ಭಾವಿಸುವ ವಸ್ತು. ಅದು ಆ ಪಟ್ಟಿಯಲ್ಲೇ ಇಲ್ಲ. ಬಾಗಿಲಿನ ಸೆನ್ಸರ್. ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದು ತುಂಡು ಚೌಕಟ್ಟಿಗೆ, ಅಯಸ್ಕಾಂತವಿರುವ ಇನ್ನೊಂದು ತುಂಡು ಬಾಗಿಲಿಗೆ. ಎರಡೂ ದೂರವಾದರೆ ಬಾಗಿಲು ತೆರೆಯಿತೆಂದು ಅರ್ಥ. ಅಷ್ಟೇ ಅದರ ಬುದ್ಧಿ. ಆದರೆ ನಿಮ್ಮ ತಾಯಿಯವರ ಬೆಳಗನ್ನು ನೆನಪಿಸಿಕೊಳ್ಳಿ. ಐದೂವರೆ, ಆರಕ್ಕೆ ಏಳುತ್ತಾರೆ. ಬಾಗಿಲು ತೆಗೆದು ನೀರು ಹಾಕಿ ರಂಗೋಲಿ ಎಳೆಯುತ್ತಾರೆ, ನಂದಿನಿ ಹಾಲಿನ ಪ್ಯಾಕೆಟ್ ಎತ್ತಿಕೊಳ್ಳುತ್ತಾರೆ. ಮಳೆ ಬರಲಿ, ಹಬ್ಬವಿರಲಿ, ಈ ಬಾಗಿಲು ಏಳರೊಳಗೆ ತೆರೆಯದ ದಿನ ವರ್ಷದಲ್ಲಿ ಎಷ್ಟಿರಬಹುದು? ‘ಏಳೂವರೆಯಾದರೂ ಮುಂಬಾಗಿಲು ತೆರೆದಿಲ್ಲ’ ಎಂಬ ಒಂದೇ ಸಂದೇಶ ನಿಮಗೂ ತಮ್ಮನಿಗೂ ಬಂದರೆ ಸಾಕು. ಅದರಲ್ಲಿ ಅವರ ಮುಖವಿಲ್ಲ, ಮಾತಿಲ್ಲ, ಸೀರೆಯಿಲ್ಲ. ಟವೆಲ್ ಹೊದಿಸುವಂಥದ್ದು ಏನೂ ಇಲ್ಲ. ಇದರ ಜೊತೆಗೆ ಬಚ್ಚಲಿಗೆ ಹೋಗುವ ಓಣಿಯಲ್ಲಿ ಒಂದು ಚಲನೆಯ ಸೆನ್ಸರ್ ಇಟ್ಟರೆ ಹಗಲಿನ ಹೊತ್ತಿಗೂ ಕಾವಲಾಯಿತು. ನಾಲ್ಕೈದು ಗಂಟೆ ಯಾರೂ ಓಡಾಡದಿದ್ದರೆ, ಬಾಗಿಲೂ ತೆರೆಯದಿದ್ದರೆ, ತಿಳಿಸುತ್ತದೆ.

ಕೊಳ್ಳುವಾಗ ಒಂದು ಸೂಕ್ಷ್ಮ ಗಮನಿಸಿ. ಅಗ್ಗದ ಆ್ಯಪ್‌ಗಳು ‘ಬಾಗಿಲು ತೆರೆದರೆ ತಿಳಿಸು’ ಎನ್ನುವುದನ್ನು ಸುಲಭವಾಗಿ ಮಾಡುತ್ತವೆ. ‘ಇಷ್ಟು ಹೊತ್ತಾದರೂ ತೆರೆಯದಿದ್ದರೆ ತಿಳಿಸು’ ಎನ್ನುವುದನ್ನು ಎಲ್ಲವೂ ಮಾಡುವುದಿಲ್ಲ. ನಮಗೆ ಬೇಕಾದದ್ದು ಎರಡನೆಯದು. ತೆರೆದಾಗಲೆಲ್ಲ ಟಿಂಗ್ ಎನ್ನುವ ಸಂದೇಶಗಳಿಗೆ ವಾರದೊಳಗೆ ಕಿವಿ ಒಗ್ಗಿಹೋಗುತ್ತದೆ. ಬಾರದ ಸಂದೇಶವನ್ನು ಗಮನಿಸುವ ಶಕ್ತಿ ಮನುಷ್ಯನಿಗೆ ಕಡಿಮೆ. ಸೆಲ್ ಸತ್ತರೂ ಇದೇ ವ್ಯತ್ಯಾಸ ಕಾಣುತ್ತದೆ. ಮೊದಲ ಬಗೆಯಲ್ಲಿ ಸೆಲ್ ಸತ್ತರೆ ಎಲ್ಲ ಶಾಂತ, ನಿಮಗೆ ಗೊತ್ತೇ ಆಗುವುದಿಲ್ಲ. ಎರಡನೆಯದರಲ್ಲಿ ಸೆಲ್ ಸತ್ತ ಬೆಳಿಗ್ಗೆಯೇ ಬಾಗಿಲು ತೆರೆದಿಲ್ಲವೆಂಬ ಸಂದೇಶ ಬರುತ್ತದೆ, ನೀವು ಫೋನ್ ಮಾಡುತ್ತೀರಿ, ಅಮ್ಮ ‘ಈಗಷ್ಟೇ ಕಾಫಿ ಕುಡಿದೆ’ ಎನ್ನುತ್ತಾರೆ. ತಪ್ಪಿದರೆ ಆ ದಿಕ್ಕಿಗೆ ತಪ್ಪಬೇಕು. ಹೋಮ್ ಅಸಿಸ್ಟೆಂಟ್ ಎಂಬ ಉಚಿತ ತಂತ್ರಾಂಶದಲ್ಲಿ ಇಂತಹ ನಿಯಮ ಬರೆಯಬಹುದು. ಕಂಪ್ಯೂಟರ್ ಬಲ್ಲ ನಿಮ್ಮ ತಮ್ಮನಿಗೆ ಇದು ಭಾನುವಾರದ ಕೆಲಸ. ಇಲ್ಲವಾದರೆ ಅಂಗಡಿಯವರಿಗೆ, ಹಣ ಕೊಡುವ ಮೊದಲು ಈ ನಿಯಮವನ್ನು ನನ್ನ ಎದುರು ಹಾಕಿ ತೋರಿಸಿ ಎನ್ನಿ.

ಇವೆಲ್ಲ ನಿಂತಿರುವುದು ವೈ-ಫೈ ಮೇಲೆ, ವೈ-ಫೈ ನಿಂತಿರುವುದು ಬೆಸ್ಕಾಂ ಮೇಲೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ರೂಟರ್ ಅದರ ಸಾಲಿಗೆ ಬಂದಿದೆಯೇ ನೋಡಿ; ಟಿ.ವಿ.ಗೆ ಕೊಟ್ಟು ರೂಟರ್ ಬಿಟ್ಟ ಮನೆಗಳು ಬೇಕಾದಷ್ಟಿವೆ. ಇನ್ವರ್ಟರ್ ಇಲ್ಲದಿದ್ದರೆ ರೂಟರ್‌ಗೆಂದೇ ಸಣ್ಣ ಯುಪಿಎಸ್ ಸಿಗುತ್ತದೆ, ಕೆಲವು ಗಂಟೆ ನಡೆಸುತ್ತದೆ. ಸೆನ್ಸರ್‌ಗಳ ಸಂದೇಶ ಒಟ್ಟುಗೂಡಿಸುವ ಪೆಟ್ಟಿಗೆಯನ್ನೂ ಅದಕ್ಕೇ ಸೇರಿಸಿ. ವೈ-ಫೈ ಮೇಲೆ ನಡೆಯುವ ಇಂತಹ ವಸ್ತುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ (ರೂಟರ್ ಬಿಡುವ ರೇಡಿಯೊ ಅಲೆಯ ಒಂದು ಬಗೆ) ವೈ-ಫೈಯನ್ನು ಮಾತ್ರ ಹಿಡಿಯುತ್ತವೆ. ರೂಟರ್ ಎಂದಾದರೂ ಬದಲಾದರೆ ಹೊಸದಕ್ಕೂ ಹಳೆಯ ಹೆಸರು, ಹಳೆಯ ಪಾಸ್‌ವರ್ಡ್ ಅನ್ನೇ ಕೊಡಿ; ಎಲ್ಲವೂ ತಾವಾಗಿ ಮತ್ತೆ ಸೇರಿಕೊಳ್ಳುತ್ತವೆ. ಇದನ್ನು ತಿಳಿಯದೆ ರೂಟರ್ ಬದಲಿಸಿದ ದಿನವೇ ಕಿವುಡಾದ ಮನೆಗಳು ಎಷ್ಟೋ.

ವೈ-ಫೈ ಬೇಡವೇ ಬೇಡ ಎನ್ನುವವರಿಗೆ ಸಿಮ್ ಹಾಕಿ ನಡೆಸುವ ಅಲಾರಂ ಪೆಟ್ಟಿಗೆಗಳಿವೆ. ಇದೇನೂ ನಮ್ಮ ಕಡೆಯವರಿಗೆ ಹೊಸದಲ್ಲ. ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ತೋಟದವರು ಬೋರ್‌ವೆಲ್ ಮೋಟರನ್ನು ಮನೆಯಲ್ಲಿ ಕೂತು ಮೊಬೈಲ್ ಸ್ಟಾರ್ಟರಿನಲ್ಲಿ ಚಾಲೂ ಮಾಡುತ್ತಾರೆ. ಆ ವಿದ್ಯೆಯೇ ಇದು. ಅಂದಹಾಗೆ, ನಿಮ್ಮ ಮನೆಯಲ್ಲಿ ಸಂಪಿನಿಂದ ಟ್ಯಾಂಕಿಗೆ ನೀರು ಏರಿಸುವುದು ಯಾರು? ತಾಯಿಯವರೇ ಮೆಟ್ಟಿಲು ಹತ್ತಿ ಟ್ಯಾಂಕ್ ಇಣುಕುತ್ತಿದ್ದರೆ, ಬೇರೆಲ್ಲಕ್ಕಿಂತ ಮುಂಚೆ ನೀರಿನ ಮಟ್ಟ ನೋಡಿ ಮೋಟರನ್ನು ತಾನೇ ಹಾಕಿ ಆರಿಸುವ ಸಾಧನ ಹಾಕಿಸಿ. ಸಂಪಿನಲ್ಲಿ ನೀರಿಲ್ಲದಾಗ ಮೋಟರ್ ಓಡದಂತೆ ತಡೆಯುವ ತಂತಿ ಅದರಲ್ಲಿರಲಿ.

ಗ್ಯಾಸ್ ವಿಚಾರದಲ್ಲಿ ಪಟ್ಟಿ ಕೊಟ್ಟವರನ್ನು ಎರಡು ಪ್ರಶ್ನೆ ಕೇಳಿ. ಸೆನ್ಸರ್ ಎಲ್ಲಿ ಹಾಕುತ್ತೀರಿ? ‘ಮೇಲೆ, ಛಾವಣಿಯ ಹತ್ತಿರ’ ಎಂದರೆ ಅವರಿಗೆ ಕೆಲಸ ಗೊತ್ತಿಲ್ಲ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ. ಸೆನ್ಸರ್ ನೆಲದಿಂದ ಒಂದು ಅಡಿಯ ಸುಮಾರಿಗೆ, ಒಲೆಯ ಒಗ್ಗರಣೆಯ ಹೊಗೆ ನೇರ ತಾಗದಂತೆ ಇರಬೇಕು. ಮುಂದೆ ಕೊಳವೆಯಲ್ಲಿ ಬರುವ ಗ್ಯಾಸ್ ಹಾಕಿಸಿಕೊಂಡರೆ ಲೆಕ್ಕ ತಲೆಕೆಳಗು: ಅದು ಗಾಳಿಗಿಂತ ಹಗುರ, ಆಗ ಮೇಲೆಯೇ ಬೇಕು. ಎರಡನೆಯ ಪ್ರಶ್ನೆ: ಗ್ಯಾಸ್ ಸೋರಿದರೆ ಎಕ್ಸಾಸ್ಟ್ ಫ್ಯಾನ್ ತಾನೇ ತಿರುಗುವಂತೆ ಮಾಡುತ್ತೀರಾ? ಹೌದು ಎಂದು ಹೆಮ್ಮೆಯಿಂದ ಹೇಳಿದರೆ ಬೇಡವೆನ್ನಿ. ಗ್ಯಾಸ್ ತುಂಬಿದ ಕೋಣೆಯಲ್ಲಿ ಮಾಮೂಲಿ ಫ್ಯಾನ್ ಚಾಲೂ ಆಗುವ ಕಿಡಿಯೇ ಸಾಕು. ಸೆನ್ಸರ್ ಕೂಗಬೇಕು, ಸಾಧ್ಯವಾದರೆ ಗ್ಯಾಸ್ ಬರುವ ದಾರಿ ಮುಚ್ಚಬೇಕು, ಅಷ್ಟೇ. ಸ್ವಿಚ್ ಮುಟ್ಟದೆ, ಕಿಟಕಿ ಬಾಗಿಲು ತೆರೆದು, ರೆಗ್ಯುಲೇಟರ್ ಆರಿಸಿ ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ 1906ಕ್ಕೆ ಫೋನ್ ಮಾಡುವುದು ಅಮ್ಮನಿಗೆ ಬಾಯಿಪಾಠವಾಗಿರಲಿ.

ಆದರೆ ನಿಮ್ಮಲ್ಲಿ ನಡೆದದ್ದು ಹಾಲು ಉಕ್ಕಿ ಒಲೆ ಆರಿದ ಕಥೆ. ಅದಕ್ಕೆ ಸೆನ್ಸರಿಗಿಂತ ಒಳ್ಳೆಯ ಮದ್ದು ಒಲೆಯಲ್ಲೇ ಇದೆ. ಉರಿ ಆರಿದರೆ ಗ್ಯಾಸ್ ತಾನೇ ನಿಲ್ಲುವ ಒಲೆಗಳು ಬರುತ್ತವೆ. ಬರ್ನರಿನ ಪಕ್ಕ ಒಂದು ಪುಟ್ಟ ಲೋಹದ ಕಡ್ಡಿ ಇರುತ್ತದೆ. ಅದು ಬಿಸಿಯಾಗಿರುವವರೆಗೆ ಮಾತ್ರ ಗ್ಯಾಸ್ ಬಿಡುತ್ತದೆ, ತಣ್ಣಗಾದರೆ ಮುಚ್ಚುತ್ತದೆ. ಕರೆಂಟೂ ಬೇಡ, ಮೊಬೈಲೂ ಬೇಡ. ಹಚ್ಚುವಾಗ ಮಾತ್ರ ಗುಬುಟನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಬೇಕು. ಮೊದಲ ವಾರ ಬೈಯುತ್ತಾರೆ, ಆಮೇಲೆ ಒಗ್ಗುತ್ತದೆ. ಹಾಲು, ಕಾಫಿಗೆ ಟೈಮರ್ ಇರುವ ಇಂಡಕ್ಷನ್ ಒಲೆಯಾದರೆ ಇನ್ನೂ ಹಗುರ.

ಕರೆಂಟಿನ ವಸ್ತುಗಳಲ್ಲಿ ನನಗೆ ನಿಜವಾಗಿ ಭಯ ಬಕೆಟ್ಟಿಗೆ ಇಳಿಬಿಡುವ ನೀರು ಕಾಯಿಸುವ ರಾಡ್. ಮನೆಯಲ್ಲಿದ್ದರೆ ಎತ್ತಿ ಅಟ್ಟಕ್ಕೆ ಹಾಕಿ. 1500 ವಾಟಿನ ರಾಡ್ ಆರೂವರೆ ಆಂಪಿಯರ್ ಎಳೆಯುತ್ತದೆ, ಹಳೆಯ ಮನೆಗಳಲ್ಲಿ ಅದನ್ನು ಸಿಕ್ಕಿಸುವುದು 6 ಆಂಪಿಯರಿನ ಸಾಕೆಟ್ಟಿಗೆ. ಗೀಜರಿಗೆ 16 ಆಂಪಿಯರಿನ ಸ್ಮಾರ್ಟ್ ಪ್ಲಗ್ ಹಾಕಿ, ಅರ್ಧ ಗಂಟೆಗೆ ತಾನೇ ಆರುವಂತೆ ಮಾಡಿ. ಬೆಂಗಳೂರಿನಿಂದ ಆರಿಸಿ, ಆದರೆ ಎಂದೂ ಅಲ್ಲಿಂದ ಹಾಕಬೇಡಿ. ಕಾಯುವ ವಸ್ತುವನ್ನು ಎದುರಿಗಿರುವವರೇ ಹಾಕಬೇಕು. ಮೇನ್ ಬೋರ್ಡಿನಲ್ಲಿ ಇನ್ನೂ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸ್ ಇದ್ದರೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್) ಸೇರಿಸಿ. ಒದ್ದೆ ಕೈಗೆ ಶಾಕ್ ಹೊಡೆದರೆ ಕಣ್ಣೆವೆ ಇಕ್ಕುವುದರೊಳಗೆ ಕರೆಂಟ್ ಕಡಿಯುತ್ತದೆ. ಎರಡು ಲಕ್ಷದ ಪಟ್ಟಿಯಲ್ಲಿ ಇದಿಲ್ಲದ್ದು ನನಗೆ ಸೋಜಿಗ.

ಮಾತು ಕೇಳುವ ಸ್ಪೀಕರ್ ಇಂಗ್ಲಿಷ್, ಹಿಂದಿಗೆ ಓಗೊಡುತ್ತದೆ. ಅಮ್ಮನ ದಾವಣಗೆರೆ ಕನ್ನಡಕ್ಕೆ ಅದನ್ನು ನಂಬಿ ಕೂರಬೇಡಿ. ವಚನ, ಭಾವಗೀತೆ ಕೇಳಲಿ ಎಂದು ಬೇಕಾದರೆ ಕೊಡಿಸಿ. ಪರದೆಯ ಮೋಟರ್ ಬೇಡ. ಎದ್ದು ಪರದೆ ಸರಿಸುವುದು ಅವರಿಗೆ ವ್ಯಾಯಾಮ. ಮಾತ್ರೆಗೆ ಏಳು ದಿನದ ಖಾನೆಗಳ ಡಬ್ಬಿ, ಮೊಬೈಲಿನಲ್ಲಿ ಅಲಾರಂ.

ತುರ್ತಿನ ಸಂಖ್ಯೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಹಚ್ಚಿ: ಆಂಬುಲೆನ್ಸ್‌ಗೆ 108, ಪೊಲೀಸ್ ಮತ್ತಿತರ ತುರ್ತಿಗೆ 112, ಹಿರಿಯ ನಾಗರಿಕರ ಸಹಾಯವಾಣಿ 14567. ಪೊಲೀಸರು, ಸಿಬಿಐ ಎಂದು ಹೇಳಿಕೊಂಡು ವಿಡಿಯೊ ಕರೆಯಲ್ಲಿ ಹೆದರಿಸುವವರು ಒಂಟಿ ಹಿರಿಯರನ್ನೇ ಹುಡುಕುತ್ತಾರೆ, ಅದಕ್ಕೆ ಸೈಬರ್ ವಂಚನೆಯ ಸಹಾಯವಾಣಿ 1930 ಕೂಡ ಇರಲಿ. ಇವೆಲ್ಲಕ್ಕಿಂತ ಮೇಲೆ ಎದುರು ಮನೆಯವರ ಸಂಖ್ಯೆ.

ಸಂದೇಶ ಬಂದ ದಿನ ಏನು ಮಾಡಬೇಕೆಂಬ ಕ್ರಮವೂ ಮೊದಲೇ ಗೊತ್ತಿರಲಿ. ಅಮ್ಮನಿಗೆ ಎರಡು ಸಲ ಫೋನ್. ಎತ್ತದಿದ್ದರೆ ಎದುರು ಮನೆಗೆ. ಅವರು ಊರಲ್ಲಿಲ್ಲದಿದ್ದರೆ ಎರಡನೆಯವರಿಗೆ. ನೀವೂ ತಮ್ಮನೂ ‘ಅವನು ಮಾಡಿರುತ್ತಾನೆ, ಅವಳು ಮಾಡಿರುತ್ತಾಳೆ’ ಎಂದುಕೊಳ್ಳದಂತೆ, ಯಾವ ವಾರ ಯಾರ ಪಾಳಿ ಎಂದು ಹಂಚಿಕೊಳ್ಳಿ.

ಖರ್ಚಿನ ಲೆಕ್ಕ: ಹಿಡಿಕೆಗಳು, ಬೀಗಗಳು, ಬೆಲ್, ದೀಪಗಳು, ಎರಡು ಮೂರು ಸೆನ್ಸರ್, ಬಾಗಿಲ ಹೊರಗಿನ ಕ್ಯಾಮೆರಾ, ಹೊಸ ಒಲೆ, ಆರ್‌ಸಿಸಿಬಿ, ರೂಟರಿನ ಯುಪಿಎಸ್, ಬಡಗಿಯ ಮತ್ತು ಎಲೆಕ್ಟ್ರಿಷಿಯನ್ನರ ಕೂಲಿ ಎಲ್ಲ ಸೇರಿ ನಲವತ್ತು ಸಾವಿರದ ಆಸುಪಾಸಿನಲ್ಲಿ ಮುಗಿಯಬೇಕು. ಎಲ್ಲವನ್ನೂ ಒಂದೇ ದಿನ ಹಾಕಿಸಬೇಡಿ. ಹಿಡಿಕೆ, ಬೀಗ, ದೀಪ ಮೊದಲು. ಅವು ಅಮ್ಮನಿಗೆ ತಮ್ಮವಾದ ಮೇಲೆ ಉಳಿದವು. ಬಾಗಿಲಿನ ಸೆನ್ಸರ್ ಹಾಕುವ ಮುಂಚೆ ಅದು ನಿಮಗೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಅವರಿಗೆ ತಿಳಿಸಿ, ಒಪ್ಪಿಗೆ ಪಡೆಯಿರಿ. ಬಿದ್ದದ್ದನ್ನು ನಾಲ್ಕು ದಿನ ಮುಚ್ಚಿಟ್ಟರು ಎಂದು ಬರೆದಿದ್ದೀರಿ. ಹೇಳಿದರೆ ಬೆಂಗಳೂರಿಗೆ ಎತ್ತಿಕೊಂಡು ಹೋಗುತ್ತಾರೆ ಎಂಬ ಭಯ ಅದಕ್ಕೆ ಕಾರಣವಿರಬಹುದು. ಇದೆಲ್ಲ ಮಾಡುತ್ತಿರುವುದು ಅವರು ಇಲ್ಲೇ ಇರಲಿ ಎಂದು, ಅದನ್ನು ನೀವೇ ಬಾಯಿಬಿಟ್ಟು ಹೇಳಿ.

ಮುಂದಿನ ಸಲ ಊರಿಗೆ ಬಂದಾಗ ಅಳತೆಪಟ್ಟಿ ತನ್ನಿ. ಬಚ್ಚಲಿನ ಬಾಗಿಲು ಒಳಕ್ಕೆ ತೆರೆಯುತ್ತದೆಯೋ ಹೊರಕ್ಕೋ, ಹಿತ್ತಲ ಬಾಗಿಲಿನ ದಪ್ಪ ಎಷ್ಟು, ಎದುರು ಮನೆಯ ಪಡಸಾಲೆ ಬಚ್ಚಲಿನಿಂದ ಎಷ್ಟು ಹೆಜ್ಜೆ, ಇಷ್ಟನ್ನು ಬರೆದು ಕಳಿಸಿ. ಯಾವ ಬೀಗ, ಯಾವ ಬೆಲ್ ಎಂದು ತಿಳಿಸುತ್ತೇನೆ. ಕ್ಯಾಮೆರಾದ ಪ್ಲಗ್ ತೆಗೆದು, ಟವೆಲ್ ಅನ್ನು ಅಮ್ಮನಿಗೆ ಕೊಟ್ಟುಬಿಡಿ.